ಜಲಚಿಕಿತ್ಸೆಯ ಕೊಳಗಳೂ ನೀರಿನ ಶುಚಿತ್ವವೂ



ದನಕರುಗಳ ಮೈಯನ್ನು ಕೆರೆಯಲ್ಲಿ ತೊಳೆಯುವ ವಾಡಿಕೆಯಿದ್ದ ಸೀಮೆಯಲ್ಲಿ ಬೆಳೆದ ಬೆಂಗಳೂರಿನ ಈ ಕಮ್ಮನಹಳ್ಳಿಯಲ್ಲಿ, ಸೊಂಟದ ಕೀಲು ಸವೆದ ಲ್ಯಾಬ್ರಡಾರಿಗೂ ಬೆನ್ನುಹುರಿಯ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿರುವ ಡ್ಯಾಶ್‌ಹುಂಡಿಗೂ ಬೆಚ್ಚನೆಯ ನೀರಿನಲ್ಲಿ ವ್ಯಾಯಾಮ ಮಾಡಿಸುವ ವಿಚಾರವನ್ನು ಚರ್ಚಿಸಲು ನಾವು ಕೂಡಿರುವುದು ಸಂತೋಷದ ಸಂಗತಿ. ದೇಹದ ಭಾರವನ್ನು ನೀರು ತಾಳಿಕೊಳ್ಳುವುದರಿಂದ, ನೆಲದ ಮೇಲೆ ದುಸ್ಸಾಧ್ಯವಾದ ಚಲನೆ ಅಲ್ಲಿ ಸುಲಭವಾಗುತ್ತದೆಂಬುದನ್ನು ಪಶುವೈದ್ಯರೂ ಕೊಳ ನಡೆಸುವವರೂ ಇರುವ ಈ ಸಭೆಗೆ ನಿವೇದಿಸಬೇಕಾದದ್ದಿಲ್ಲ. ವಿಚಾರಿಸಬೇಕಾದದ್ದು ಆ ನೀರಿನ ಯೋಗ್ಯತೆಯನ್ನು.

ಮನುಷ್ಯರ ಈಜುಕೊಳದ ನಿಯಮಗಳನ್ನೇ ಇಲ್ಲಿಗೂ ಅನ್ವಯಿಸಿದರೆ ಸಾಕೆಂಬ ಭಾವನೆ ಕೆಲವರಲ್ಲಿದೆ. ಆದರೆ ರೋಮ, ಚರ್ಮದ ಜಿಡ್ಡು, ಜೊಲ್ಲು, ಪಾದದ ಮಣ್ಣು, ಒಮ್ಮೊಮ್ಮೆ ಮೂತ್ರ, ಇವೆಲ್ಲವನ್ನೂ ನೀರಿಗೆ ಒಪ್ಪಿಸಿ, ಈಜುತ್ತಲೇ ಅದೇ ನೀರನ್ನು ಕುಡಿಯುವ ರೋಗಿ ಮನುಷ್ಯರ ಕೊಳದಲ್ಲಿ ದೊರೆಯುವುದಿಲ್ಲ (ಮಕ್ಕಳ ಕೊಳವನ್ನು ಬಲ್ಲವರು ಇದನ್ನು ಒಪ್ಪಲಿಕ್ಕಿಲ್ಲ). ಮೇಲಾಗಿ ಚಿಕಿತ್ಸೆಗೆ ಹಿತವಾದ 28ರಿಂದ 32 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕ್ಲೋರಿನ್ ಬೇಗನೆ ಕ್ಷಯಿಸುತ್ತದೆ. ಕೊಳವೆಗಳ ಒಳಗೋಡೆಯ ಲೋಳೆಯಲ್ಲಿ ನೆಲೆಸುವ ಸ್ಯೂಡೊಮೊನಾಸ್‌ನಂತಹ ಜೀವಾಣುಗಳಿಗೆ ಆ ಉಷ್ಣತೆ ಅನುಕೂಲವೂ ಆಗಿದೆ.

ಕ್ಲೋರಿನ್ನಿಗಾಗಿ ಬ್ಲೀಚಿಂಗ್ ಪೌಡರನ್ನು ಎಷ್ಟು ಸುರಿದೆವೆಂಬುದು ಮುಖ್ಯವಲ್ಲ, ಸುರಿದದ್ದರಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆಂಬುದು ಮುಖ್ಯ. ಪಿಎಚ್ 7.5ರ ಸುಮಾರಿನಲ್ಲಿ ಕ್ಲೋರಿನ್ನಿನ ಅರ್ಧಭಾಗ ಮಾತ್ರ ಕ್ರಿಮಿನಾಶಕ ಹೈಪೊಕ್ಲೋರಸ್ ಆಮ್ಲದ ರೂಪದಲ್ಲಿರುತ್ತದೆ. 8ಕ್ಕೇರಿದರೆ ಅದು ಕಾಲುಭಾಗಕ್ಕೆ ಇಳಿಯುತ್ತದೆ. ಬ್ಲೀಚಿಂಗ್ ಪೌಡರು ತಾನೇ ಪಿಎಚ್ಚನ್ನು ಏರಿಸತಕ್ಕ ವಸ್ತುವಾದುದರಿಂದಲೂ, ಪಿಎಚ್ ಏರಿದಂತೆ ನಮ್ಮ ಬೋರ್‌ವೆಲ್ಲುಗಳ ಗಡಸು ನೀರು ಹೀಟರಿನ ಮೇಲೆ ಸುಣ್ಣದ ಪದರವನ್ನು ಕಟ್ಟಿಸುವುದರಿಂದಲೂ, ಪಿಎಚ್ ಅಳೆಯದೆ ಪುಡಿ ಹಾಕುವವನು ಔಷಧವನ್ನು ಚರಂಡಿಗೆ ಸುರಿದಂತೆಯೇ ಸರಿ. ಇನ್ನು, ಕೊಳದ ಮೇಲೆ ತೇಲಿಬರುವ ಆ ಘಾಟು ಶುಚಿತ್ವದ ಕುರುಹೆಂದು ಗ್ರಾಹಕರು ಭ್ರಮಿಸಿದ್ದಾರೆ. ಅದು ಮೂತ್ರದ ಹಾಗೂ ಬೆವರಿನ ಸಾರಜನಕವು ಕ್ಲೋರಿನ್ನಿನೊಡನೆ ಸೇರಿ ಹುಟ್ಟಿದ ಕ್ಲೋರಮೈನುಗಳ ವಾಸನೆ, ಕಣ್ಣುಗಳನ್ನು ಉರಿಸುವಂಥದು. ಇದಕ್ಕೆ ಹೊಸ ನೀರನ್ನು ಬೆರೆಸುವುದೂ ಒಂದು ಪರಿಹಾರ. ಆದರೆ 2024ರ ಮಾರ್ಚಿನಲ್ಲಿ ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿದುದನ್ನು ಕಂಡ ಈ ನಗರದಲ್ಲಿ ನೀರನ್ನು ಬದಲಿಸುವುದು ಸುಲಭಸಾಧ್ಯವಲ್ಲ. ಆದಕಾರಣ ಮಲಿನತೆ ಕೊಳಕ್ಕಿಳಿಯುವ ಮುನ್ನವೇ ಅದನ್ನು ತಡೆಯುವುದು ಮಿತವ್ಯಯವೂ ಹೌದು, ವಿವೇಕವೂ ಹೌದು.

ಭೇದಿಯನ್ನು ಉಂಟುಮಾಡುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಜೀವಿಯು ಸಾಮಾನ್ಯ ಪ್ರಮಾಣದ ಕ್ಲೋರಿನ್ನಿನಲ್ಲಿ ದಿನಗಟ್ಟಲೆ ಬದುಕಬಲ್ಲುದು. ಅದನ್ನು ನಿಷ್ಕ್ರಿಯಗೊಳಿಸಲು ಅತಿನೇರಳೆ ದೀಪವು ಉತ್ತಮ ಸಹಾಯಕ, ಆದರೆ ಭೇದಿಯಾಗಿರುವ ನಾಯಿಯನ್ನು ಬಾಗಿಲಲ್ಲೇ ತಡೆಯುವ ಕೆಲಸವನ್ನು ಯಾವ ದೀಪವೂ ಮಾಡಲಾರದು. ತೆರೆದ ಗಾಯವಿರುವ ಪ್ರಾಣಿಗೂ ಇದೇ ನಿಯಮ. ರೋಮದ ಜರಡಿಯನ್ನು ನಿತ್ಯವೂ ತೆಗೆದು ತೊಳೆಯತಕ್ಕದ್ದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಗೋಷ್ಠಿಯಲ್ಲಿ ನನ್ನ ಕೋರಿಕೆ ಇಷ್ಟು: ಕೊಳಕ್ಕಿಳಿಸುವ ಮೊದಲು ಪ್ರತಿಯೊಂದು ಪ್ರಾಣಿಗೂ ಸ್ನಾನವನ್ನು ಕಡ್ಡಾಯಗೊಳಿಸಿರಿ, ಮತ್ತು ಕ್ಲೋರಿನ್, ಪಿಎಚ್, ಉಷ್ಣತೆಗಳನ್ನು ಪ್ರತಿ ಸರದಿಗೆ ಮುಂಚೆ ಬರೆದಿಟ್ಟು, ಆ ಪುಸ್ತಕವನ್ನು ನಾಯಿಯ ಒಡೆಯರಿಗೂ ಕಾಣುವಂತೆ ಕೊಳದ ಬಾಗಿಲಲ್ಲೇ ತೂಗುಹಾಕಿರಿ.