ಬಿಟ್ಟ ಮಾತಿನ ಬಲ



ಮೈಸೂರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ನಮ್ಮ ಕನ್ನಡದ ಹಾಸ್ಯ ಪತ್ರಿಕೆ ‘ಕೊರವಂಜಿ’ಗೂ ಚಿತ್ರ ಬರೆದವರು. 1951ರಿಂದ ದಶಕಗಳ ಕಾಲ ಟೈಮ್ಸ್ ಆಫ್ ಇಂಡಿಯಾದಲ್ಲಿ ಅವರ ವ್ಯಂಗ್ಯಚಿತ್ರಗಳ ಪಾತ್ರ ‘ಶ್ರೀಸಾಮಾನ್ಯ’ ಕಾಣಿಸಿಕೊಂಡ. ಚೌಕಳಿ ಕೋಟು, ಪಂಚೆ, ಕನ್ನಡಕ. ಮಂತ್ರಿಗಳು ಮಾತಾಡುತ್ತಿದ್ದರು, ಅಧಿಕಾರಿಗಳು ಮಾತಾಡುತ್ತಿದ್ದರು. ಅವನು ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಸುಮ್ಮನೆ ನೋಡುತ್ತಿದ್ದ. ಓದುಗರಿಗೆ ಅಷ್ಟೇ ಸಾಕಾಗುತ್ತಿತ್ತು.

ವ್ಯಂಗ್ಯಚಿತ್ರಕಾರ ಬೇಡದ ಗೆರೆ ಬಿಡುತ್ತಾನೆ. ಒಳ್ಳೆಯ ಭಾಷಣ ಬರೆಯುವವರು ಬೇಡದ ವಾಕ್ಯ ಹೊಡೆದುಹಾಕುತ್ತಾರೆ. ಈಗ ನಮ್ಮ ಕೈಯಲ್ಲಿ ಮೊಬೈಲ್ ಇದೆ. ಅನಿಸಿದ್ದನ್ನೆಲ್ಲ ಆ ಕ್ಷಣವೇ ಊರಿಗೆಲ್ಲ ಹೇಳಬಹುದು. ಆದರೆ ಹೇಳಿದ್ದೆಲ್ಲ ಮನಸ್ಸಿಗೆ ಮುಟ್ಟುವುದಿಲ್ಲ. ಕೇಳುವವರ ಯೋಚನೆಗೂ ಒಂದಿಷ್ಟು ಜಾಗ ಬೇಕು.

ಇಂದು ವಾಟ್ಸ್ಆ್ಯಪ್‌ನಲ್ಲಿ ಏನಾದರೂ ಬರೆದರೆ, ಕಳಿಸುವ ಮುನ್ನ ಒಮ್ಮೆ ಓದಿ ನೋಡಿ. ಇಲ್ಲದಿದ್ದರೂ ನಡೆಯುವ ಒಂದು ಮಾತನ್ನು ತೆಗೆದುಬಿಡಿ.