ಗೊಂಬೆಯ ತಲೆಯಲ್ಲಿ ಆರರ ಮಗ್ಗಿ

ಗೋಕಾಕ ಎಂದ ಕೂಡಲೇ ಕರದಂಟು ನೆನಪಾಗುತ್ತದೆ, ಇಲ್ಲವೇ ಫಾಲ್ಸ್. ಮಕ್ಕಳೇ, ಅದು ಗೊಂಬೆಗಳ ಊರೂ ಹೌದು. ಹಗುರ ಮರ ಕೆತ್ತಿ ಬಣ್ಣ ಬಳಿದ ಅಲ್ಲಿನ ಹಣ್ಣು, ಕಾಯಿಪಲ್ಯೆ, ಗೊಂಬೆಗಳು ಹೆಸರುವಾಸಿ. ನೂಲಿಗೂ ಅದೇ ಊರು. ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವಲ್ಲಿ, ಆ ನೀರಿನ ಬಲವನ್ನು ನೆಚ್ಚಿಕೊಂಡು 1887ರಲ್ಲಿ ಹತ್ತಿ ಗಿರಣಿ ಶುರುವಾಯಿತು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟಿನಿಂದ ಇಳಿದುಬರುವ ಈ ನದಿ ಮುಂದೆ ಮೂಡಲಗಿ ಸೀಮೆಗೆ ಹರಿಯುತ್ತದೆ. ಗೊಂಬೆ, ನೂಲು ಎರಡಕ್ಕೂ ಹೆಸರಾದ ಈ ಸೀಮೆಯ ಮಕ್ಕಳು ನೂಲಿನಿಂದಲೇ ಗೊಂಬೆ ಹೆಣೆಯುವ ಕ್ರೋಶಾ ಕಲಿಯಬೇಕೆಂಬುದು ನನ್ನ ಆಸೆ. ಅದರಲ್ಲಿ ಸೊಗಸಾದ ಗಣಿತ ಅಡಗಿದೆ.

ಬೇಕಾದದ್ದು ತುದಿಯಲ್ಲಿ ಕೊಕ್ಕೆ ಇರುವ ಒಂದು ಸೂಜಿ, ಒಂದು ಉಂಡೆ ಹತ್ತಿ ದಾರ. ದಾರದ ತುದಿಯ ಹುರಿ ಬಿಚ್ಚಿ ನೋಡಿ. ಒಂದೊಂದು ಎಳೆಯೂ ಮೂರು ಸೆಂಟಿಮೀಟರ್ ಆಸುಪಾಸು, ಅಷ್ಟೇ! ಹುರಿಗೊಳಿಸಿದಾಗ ಆ ಗಿಡ್ಡ ಎಳೆಗಳು ಒಂದನ್ನೊಂದು ಒತ್ತಿಕೊಳ್ಳುತ್ತವೆ. ಘರ್ಷಣೆಯಿಂದಾಗಿ ಜಾರುವುದಿಲ್ಲ. ದಾರಕ್ಕೆ ಗಟ್ಟಿತನ ಬರುವುದು ಹೀಗೆ, ಅಂಟಿನ ಹಂಗಿಲ್ಲದೆ.

ಈಗ ಗೊಂಬೆಯ ತಲೆ ಹೆಣೆಯೋಣ. ಮೊದಲ ಸುತ್ತಿಗೆ 6 ಕುಣಿಕೆ. ಎರಡನೆಯದಕ್ಕೆ 12, ಮೂರನೆಯದಕ್ಕೆ 18, ಆಮೇಲೆ 24, 30. ಪ್ರತಿ ಸುತ್ತಿಗೂ ಆರು ಹೆಚ್ಚು. ಬಿಲ್ಲೆ ಮೇಜಿನ ಮೇಲೆ ಸಮತಟ್ಟಾಗಿ ಕೂರುತ್ತದೆ.

ಆರೇ ಏಕೆ? ವೃತ್ತದ ಸುತ್ತಳತೆ ಅದರ ತ್ರಿಜ್ಯದ ಸುಮಾರು 6.28 ಪಟ್ಟು, ಅಂದರೆ ಎರಡು ಪೈ. ಒಂದು ಸುತ್ತು ಹೆಣೆದಾಗ ತ್ರಿಜ್ಯ ಒಂದು ಕುಣಿಕೆಯ ಎತ್ತರದಷ್ಟು ಬೆಳೆಯಿತು. ಹಾಗಾದರೆ ಸುತ್ತಳತೆ ಅದರ ಆರು ಪಟ್ಟಿಗಿಂತ ತುಸು ಹೆಚ್ಚು ಬೆಳೆಯಬೇಕು. ಸಣ್ಣ ಕುಣಿಕೆಯ ಎತ್ತರವೂ ಅಗಲವೂ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಆರು ಕುಣಿಕೆ ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ. ಉಳಿದ ಚೂರುಪಾರನ್ನು ದಾರ ತಾನೇ ಹಿಗ್ಗಿ ತುಂಬಿಕೊಳ್ಳುತ್ತದೆ. ಪೈ ಗೊತ್ತಿಲ್ಲದ ಅಜ್ಜಿಯ ಬೆರಳಿಗೂ ಈ ಆರು ಗೊತ್ತು.

ಮೂವತ್ತಕ್ಕೆ ಬಂದ ಮೇಲೆ ಹೆಚ್ಚಿಸುವುದನ್ನು ನಿಲ್ಲಿಸಿ. ಪ್ರತಿ ಸುತ್ತಿಗೂ ಮೂವತ್ತೇ. ಬಿಲ್ಲೆಗೆ ಹರಡಲು ಸಾಲದೆ ಅಂಚು ಮೇಲೇಳುತ್ತದೆ, ಬಟ್ಟಲಾಗುತ್ತದೆ. ಇಲ್ಲಿಗೇ ಬಿಟ್ಟರೆ ಗೊಂಬೆಗೆ ಟೊಪ್ಪಿಗೆ. ಆರಾರು ಕಡಿಮೆ ಮಾಡುತ್ತ ಹೋದರೆ ಬಾಯಿ ಕಿರಿದಾಗುತ್ತದೆ. ಪೂರ್ತಿ ಮುಚ್ಚುವ ಮೊದಲು ಅರಳೆ ತುಂಬಿ, ದುಂಡನೆಯ ತಲೆ ಸಿದ್ಧ.

ಪರಕಾರಕ್ಕೆ ಇದರ ತದ್ವಿರುದ್ಧ. ಸೊಂಟದ ಸುತ್ತಿಗೆ 24 ಇದ್ದರೆ ಮುಂದಿನದಕ್ಕೆ 48, ಅದರ ಮುಂದಿನದಕ್ಕೆ 96. ಅಷ್ಟು ಕುಣಿಕೆಗಳಿಗೆ ಸಮತಟ್ಟಾಗಿ ಕೂರಲು ಜಾಗವೆಲ್ಲಿ? ಅಂಚು ಅಲೆಅಲೆಯಾಗಿ ಮಡಿಚಿಕೊಳ್ಳುತ್ತದೆ, ತಾನಾಗಿ ನೆರಿಗೆ ಬೀಳುತ್ತದೆ. ಹೀಗೆ ಅಂಚು ಹೆಚ್ಚುತ್ತಲೇ ಹೋಗುವ ಮೇಲ್ಮೈಗೆ ಗಣಿತದಲ್ಲಿ ಹೈಪರ್ಬೋಲಿಕ್ ಎಂಬ ಹೆಸರಿದೆ. ಅದನ್ನು ಕಾಗದದಲ್ಲಿ ಮಾಡಿದರೆ ಬೇಗ ಹರಿದುಹೋಗುತ್ತಿತ್ತು. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ತೈಮಿನ್ಯಾ ಕ್ರೋಶಾ ಸೂಜಿ ಹಿಡಿದು ಹೆಣೆದೇಬಿಟ್ಟರು. ಕೈಯಲ್ಲಿ ಮಡಚಿ ನೋಡಬಹುದಾದ ಗಣಿತ! ಕೋಳಿಜುಟ್ಟಿನ ಹೂವಿನ ಅಂಚನ್ನೂ ಗಮನಿಸಿ. ನಡುವಿಗಿಂತ ಅಂಚು ಹೆಚ್ಚು ಬೆಳೆದರೆ ಅಲ್ಲಿಯೂ ನೆರಿಗೆಯೇ.

ನಿಮ್ಮ ಗೊಂಬೆಯನ್ನು ತಮ್ಮನಿಗೋ ತಂಗಿಗೋ ಕೊಡುವಾಗ ಒಂದು ಮಾತು ನೆನಪಿಡಿ. ಮೂರು ವರ್ಷದೊಳಗಿನ ಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಾರೆ. ಕಿತ್ತುಬಂದ ಗುಂಡಿ ಗಂಟಲಲ್ಲಿ ಸಿಕ್ಕಿಕೊಂಡೀತು. ಕಣ್ಣಿಗೆ ಗುಂಡಿ, ಮಣಿ ಹಚ್ಚಬೇಡಿ. ಕಪ್ಪು ದಾರದಿಂದಲೇ ಕಣ್ಣು ಹೊಲಿಯಿರಿ.