ಬೋರ್ಡಿನ ಕೆಳಗೆ ಮಲಗಿದವನು ಯಾರು?

(ಹೇಮಗುಡ್ಡದ ಕೋಟೆ ನೋಡಲು ಬಂದಿದ್ದ ಬೆಂಗಳೂರಿನ ಕನ್ನಡ ಯುವಕರ ಮುಂದೆ ಆಡಿದ ಮಾತು)



ಬೆಂಗಳೂರಿನಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದಿದ್ದೀರಿ. ನಿನ್ನೆ ಕುಮ್ಮಟದುರ್ಗ, ಇವತ್ತು ಹೇಮಗುಡ್ಡ. ಗಂಡುಗಲಿ ಕುಮಾರರಾಮನ ಹೆಸರು ಕೇಳಿದರೆ ನಿಮಗೆ ಮೈ ಜುಮ್ಮೆನ್ನುತ್ತದೆ. ನನಗೂ ಹಾಗೇ. ಆದರೆ ಕಂಪಿಲಿ ರಾಜ್ಯ ಯಾಕೆ ನೆಲಕಚ್ಚಿತು ಎಂಬುದನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. 1327ರ ಸುಮಾರಿಗೆ ಬಹಾವುದ್ದೀನ್ ಗುರ್ಶಾಸ್ಪ್ ಎಂಬುವನು ದೆಹಲಿಯ ಮಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದು, ಸೋತು, ಓಡಿಬಂದು ಕುಮಾರರಾಮನ ತಂದೆ ಕಂಪಿಲರಾಯನಲ್ಲಿ ಆಶ್ರಯ ಕೇಳಿದ. ಬಂದವನು ಕನ್ನಡದವನಲ್ಲ, ತುಘಲಕನ ಸ್ವಂತ ನಂಟ. ಕಂಪಿಲರಾಯ ಅವನನ್ನು ಹಿಡಿದುಕೊಡಲಿಲ್ಲ. ರಾಜ್ಯ ಹೋಯಿತು, ಪ್ರಾಣವೂ ಹೋಯಿತು.

ಸೂರು ಕೇಳಿ ಬಂದವನ ವಿಷಯದಲ್ಲಿ ಆಳುವವನಿಗೆ ಒಂದು ಹೊಣೆ ಇದೆ ಎಂದು ಈ ಸೀಮೆಯ ದೊರೆ ತಿಳಿದಿದ್ದ. ವಿಧಾನಸೌಧದಲ್ಲಿ ಕೂತ ದೊರೆಗಳು ತಿಳಿದಿದ್ದಾರೆಯೇ? ಇವತ್ತು ನನಗೆ ಮಾತಾಡಬೇಕಿರುವುದು ಅದನ್ನೇ.

ಈ ಗುಡ್ಡದ ಆಚೆ ಗಂಗಾವತಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಸಾಲುಸಾಲು ರೈಸ್ ಮಿಲ್ಲು. ಕುಷ್ಟಗಿ, ಯಲಬುರ್ಗಾ ಕಡೆ ಹೋಗಿ ನೋಡಿ. ಜೋಳ, ಸಜ್ಜೆ, ಕಡಲೆ, ಎಲ್ಲಕ್ಕೂ ಮಳೆಯದೇ ದಾರಿ ಕಾಯಬೇಕು. ಮಳೆ ಕೈಕೊಟ್ಟ ವರ್ಷ ಆ ಜನ ಗಂಗಾವತಿಯ ಗದ್ದೆಗೆ ಕೂಲಿಗೆ ಬರುತ್ತಿದ್ದರು. ಕುಯಿಲಿಗೆ ಯಂತ್ರ ಬಂತು. ಒಂದು ಊರೇ ಮಾಡುತ್ತಿದ್ದ ಕೆಲಸವನ್ನು ಅದು ಒಂದು ಹಗಲಿನಲ್ಲಿ ಮುಗಿಸುತ್ತದೆ. ಈಗ ಗುಳೆ ಹೋಗಬೇಕಾದರೆ ಮಂಗಳೂರು, ಗೋವಾ, ಬೆಂಗಳೂರು. ಮುದುಕರನ್ನು ಮನೆ ಕಾಯಲು ಬಿಟ್ಟು, ಶಾಲೆಗೆ ಹೋಗುವ ಮಗುವನ್ನೂ ಕಟ್ಟಿಕೊಂಡು ಹೊರಡುತ್ತಾರೆ.

ಇದು ದೇವರು ಕೊಟ್ಟ ಬರ ಎಂದು ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸರ್ಕಾರಕ್ಕೆ ವರದಿ ಕೊಟ್ಟಿತು. 114 ಹಿಂದುಳಿದ ತಾಲ್ಲೂಕುಗಳು, ಅದರಲ್ಲಿ ಅತ್ಯಂತ ಹಿಂದುಳಿದವು 39. ಆ 39ರಲ್ಲಿ 21 ನಮ್ಮ ಅಂದಿನ ಗುಲ್ಬರ್ಗ ವಿಭಾಗದಲ್ಲೇ; ಕುಷ್ಟಗಿ, ಯಲಬುರ್ಗಾ ಎರಡೂ ಆ ಪಟ್ಟಿಯಲ್ಲಿವೆ. ಅಂದರೆ ಸರ್ಕಾರಕ್ಕೆ ಗೊತ್ತಿಲ್ಲ ಎನ್ನುವ ಹಾಗಿಲ್ಲ. ಊರು ಯಾವುದು, ತಾಲ್ಲೂಕು ಯಾವುದು ಎಂದು ಅಚ್ಚು ಹಾಕಿಸಿ ಇಟ್ಟುಕೊಂಡೇ ಸುಮ್ಮನೆ ಕೂತಿದ್ದಾರೆ. 2013ರಲ್ಲಿ 371ಜೆ ಬಂತು, ಒಳ್ಳೆಯದೇ, ಓದಿದ ಹುಡುಗರಿಗೆ ಸೀಟು, ನೌಕರಿ ಸಿಕ್ಕವು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವೂ ಆಯಿತು. ಹೆಸರಿಗೆ ಕಲ್ಯಾಣವಾಯಿತು. ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ಮೂಟೆ ಇಡಲು ಮಾತ್ರ ಜಾಗ ಸಿಗುವುದಿಲ್ಲ.

ಸರಿ, ಬಂದವನು ಎಲ್ಲಿ ಮಲಗುತ್ತಾನೆ? ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕೇಂದ್ರ ಒಂದು ಕಾನೂನು ಮಾಡಿತು. ಕೆಲಸ ಮುಗಿಯುವ ತನಕ ಕೂಲಿಗಳಿಗೆ ಬಾಡಿಗೆಯಿಲ್ಲದೆ ತಂಗಲು ಮನೆ, ನೀರು, ಕಕ್ಕಸು ಎಲ್ಲವನ್ನೂ ಕೆಲಸ ಕೊಟ್ಟವನೇ ಮಾಡಿಕೊಡಬೇಕು ಎಂದು ಅದರಲ್ಲಿ ಬರೆದಿತ್ತು. ನಿಮ್ಮ ಬಡಾವಣೆಯಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟಿನ ಹಿಂದೆ ಹೋಗಿ ಒಮ್ಮೆ ನೋಡಿ. ತಗಡು, ನೀಲಿ ತಾಡಪಾಲು, ಒಂದು ಡ್ರಮ್ಮು ನೀರು. ಅದನ್ನು ತಪಾಸಣೆ ಮಾಡಬೇಕಾದ ಇಲಾಖೆ ಒಂದಿದೆ, ಅದಕ್ಕೊಬ್ಬ ಮಂತ್ರಿಯೂ ಇದ್ದಾನೆ. ಇನ್ನು ಯಾವ ಕಟ್ಟಡಕ್ಕೂ ಸೇರದೆ ಬೀದಿಯಲ್ಲೇ ಉಳಿದವರಿಗಾಗಿ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ರಾತ್ರಿ ವಸತಿ ಕೇಂದ್ರ ಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತು. 2011ರ ಜನಗಣತಿಯಲ್ಲಿ ಬೆಂಗಳೂರಿನ ಜನ 84 ಲಕ್ಷ. ಅಂದಿಗೇ 84 ಕೇಂದ್ರ ಬೇಕಿತ್ತು. ಹತ್ತು ವರ್ಷ ಕಳೆದರೂ ಆ ಲೆಕ್ಕ ತುಂಬಲಿಲ್ಲ. ಈ ನಡುವೆ ನಗರ ಇನ್ನೆಷ್ಟು ಬೆಳೆಯಿತು ಎಂಬುದು ನಿಮಗೇ ಗೊತ್ತು.

ಸೂರು ಕೊಡದಿದ್ದರೆ ಹೋಗಲಿ, ಇದ್ದುದನ್ನಾದರೂ ಉಳಿಸಿದರೇ? 2013ರ ಜನವರಿ, ಕೋರಮಂಗಲದ ಪಕ್ಕದ ಈಜಿಪುರ. ಬಡವರಿಗೆಂದು ಸರ್ಕಾರವೇ ಕಟ್ಟಿದ ಕ್ವಾರ್ಟರ್ಸ್ ಕಳಪೆ ಕೆಲಸದಿಂದ ಕುಸಿದಿತ್ತು, ಜನ ತಗಡಿನ ಶೆಡ್ಡಿನಲ್ಲಿದ್ದರು. ಪಾಲಿಕೆ ಆ ಜಾಗಕ್ಕೆ ಖಾಸಗಿ ಕಂಪನಿಯ ಜತೆ ಕರಾರು ಮಾಡಿಕೊಂಡಿತ್ತು. ಅರ್ಧ ಬಡವರಿಗೆ, ಅರ್ಧ ಮಾಲಿಗೆ. ಪೊಲೀಸರು ಬಂದರು, ಜೆಸಿಬಿ ಬಂತು, ಸುಮಾರು ಸಾವಿರದೈನೂರು ಸಂಸಾರ ಬೀದಿಗೆ ಬಿದ್ದವು. ಚಳಿಗಾಲ. ಆಗ ಮುಖ್ಯಮಂತ್ರಿ ನಮ್ಮ ಹುಬ್ಬಳ್ಳಿಯವರೇ, ಜಗದೀಶ್ ಶೆಟ್ಟರ್. ಅಲ್ಲಿ ತಮಿಳು ಮಾತಾಡುವವರು ಬಹಳ ಜನ ಇದ್ದರು. ಅದಕ್ಕೇ ಏನೋ, ನಾವು ಕನ್ನಡದವರು ಆ ಕಡೆ ತಿರುಗಿ ನೋಡಲಿಲ್ಲ. ಇದನ್ನು ಹೇಳುವಾಗ ನನಗೆ ನಾಚಿಕೆಯಾಗುತ್ತದೆ.

ಏಳು ವರ್ಷದ ನಂತರ ಆ ಜೆಸಿಬಿ ನಮ್ಮವರ ಬಾಗಿಲಿಗೇ ಬಂತು. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ, ಇವರೆಲ್ಲ ಬಾಂಗ್ಲಾದೇಶದವರು ಎಂದು ಗುಲ್ಲೆಬ್ಬಿಸಿ ಶೆಡ್ಡುಗಳನ್ನು ನೆಲಸಮ ಮಾಡಿದರು. ಆಧಾರ್ ಕಾರ್ಡು, ವೋಟಿನ ಚೀಟಿ ಹಿಡಿದು ನಿಂತವರಲ್ಲಿ ಅಸ್ಸಾಮಿನವರಿದ್ದರು, ಉತ್ತರ ಕರ್ನಾಟಕದ ಕೂಲಿಗಳೂ ಇದ್ದರು. ಕನ್ನಡಿಗ ತನ್ನ ರಾಜಧಾನಿಯಲ್ಲೇ ವಿದೇಶಿಯಾದ! ಕೆಡವಿದ್ದು ಕಾನೂನುಬಾಹಿರ ಎಂದು ಆಮೇಲೆ ಹೈಕೋರ್ಟ್ ಹೇಳಿತು. ಅಷ್ಟರಲ್ಲಿ ಪಾತ್ರೆಪಗಡ ಮಣ್ಣುಪಾಲಾಗಿತ್ತು.

ಗೋವಾದ ಬೈನಾದಲ್ಲಿ 2015ರಲ್ಲಿ, ಮತ್ತೆ 2017ರಲ್ಲಿ ಕನ್ನಡಿಗರ ಮನೆ ಕೆಡವಿದಾಗ ಇಲ್ಲಿ ಕೂಗೆದ್ದಿತು, ಏಳಲೇಬೇಕಿತ್ತು. ಹಾಗಾದರೆ ಬೆಂಗಳೂರಿನ ಜೆಸಿಬಿಗೆ ನಾವೇಕೆ ರಿಯಾಯಿತಿ ಕೊಡಬೇಕು? ಅದರ ಡ್ರೈವರ್ ಕನ್ನಡ ಮಾತಾಡುತ್ತಾನೆ ಅಂತಲೋ?

2023ರ ಡಿಸೆಂಬರಿನಲ್ಲಿ ಅಂಗಡಿ ಬೋರ್ಡಿನ ಮೇಲೆ ಶೇಕಡಾ 60 ಕನ್ನಡ ಬೇಕೆಂದು ಬೆಂಗಳೂರಿನಲ್ಲಿ ದೊಡ್ಡ ಹೋರಾಟವೇ ನಡೆಯಿತು. ನಿಮ್ಮಲ್ಲಿ ಕೆಲವರು ಅದರಲ್ಲಿ ಇದ್ದಿರಿ. ತಪ್ಪೇನಿಲ್ಲ, ಬೋರ್ಡು ಕನ್ನಡದಲ್ಲಿರಬೇಕು. ಅಂಗಡಿ ಬಾಗಿಲು ಎಳೆದ ಮೇಲೆ ಆ ಬೋರ್ಡಿನ ಕೆಳಗೆ ಬಂದು ಮಲಗುತ್ತಾನಲ್ಲ, ಅವನು ನೂರಕ್ಕೆ ನೂರು ಕನ್ನಡ ಮಾತಾಡುವವನು. ಒಂದು ರಾತ್ರಿ ಯಶವಂತಪುರದಲ್ಲಿ ಫ್ಲೈಓವರ್ ಕೆಳಗೆ ಕುಷ್ಟಗಿ ಕಡೆಯ ಹಿರಿಯರೊಬ್ಬರು ಸಿಕ್ಕರು. ಯಾವ ಊರು ಯಜಮಾನ್ರೇ ಅಂದೆ. ಹೇಳಿದರು. ಇಲ್ಲಿ ವೋಟು ಐತೇನು ಅಂದೆ. "ಇಲ್ಲಿ ಯಾಕ ಇರತೈತಿ ತಮ್ಮಾ? ವೋಟು ಊರಾಗ ಐತಿ. ಇಲೆಕ್ಷನ್ನಿಗೆ ಗಾಡಿ ಕಳಿಸ್ತಾರ, ಹೋಗಿ ಹಾಕಿ ಬರ್ತೀವಿ" ಅಂದರು.

ಇದೇ ನೋಡಿ ಒಳಗುಟ್ಟು. ಊರಿನ ಶಾಸಕನಿಗೆ ಅವರು ಒಂದು ದಿನದ ಮಟ್ಟಿಗೆ ಬೇಕು. ಬೆಂಗಳೂರಿನ ಶಾಸಕನಿಗೆ ಒಂದು ದಿನವೂ ಬೇಡ. ವೋಟಿಲ್ಲದ ಕಡೆ ಬದುಕು, ಬದುಕಿಲ್ಲದ ಕಡೆ ವೋಟು. ಸರ್ಕಾರ ಕಟ್ಟುವ ಮನೆಗೆ ಅರ್ಜಿ ಹಾಕೋಣ ಎಂದರೆ ಬೆಂಗಳೂರಿನ ವಾಸದ ದಾಖಲೆ ತಾ ಅನ್ನುತ್ತಾರೆ. ವಾಸಕ್ಕೇ ಮನೆ ಇಲ್ಲದವನು ವಾಸದ ದಾಖಲೆ ಎಲ್ಲಿಂದ ತರಬೇಕು ಸ್ವಾಮಿ?

ಅವರ ಕೈಯಲ್ಲಿ ಇಲ್ಲದ ವೋಟು ನಿಮ್ಮ ಕೈಯಲ್ಲಿದೆ. ಬೆಂಗಳೂರು ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಒಂದನ್ನು ಒಡೆದು ಐದು ಮಾಡಿದರು. ವೋಟು ಕೇಳಲು ನಿಮ್ಮ ಮನೆಗೆ ಬಂದವನಿಗೆ ಕನ್ನಡ ಬರುತ್ತದೆಯೇ ಎಂದು ಕೇಳುತ್ತೀರಿ, ಕೇಳಿ. ಅದರ ಜತೆಗೆ ಈ ವಾರ್ಡಿನಲ್ಲಿ ರಾತ್ರಿ ವಸತಿ ಕೇಂದ್ರ ಎಲ್ಲಿದೆ, ಅಲ್ಲಿ ಎಷ್ಟು ಮಂಚ ಇವೆ, ಹೆಂಗಸರಿಗೆ ಬೇರೆ ಜಾಗ ಇದೆಯೇ ಎಂದೂ ಕೇಳಿ. ಗೊತ್ತಿಲ್ಲ ಅಂದರೆ, ನಡಿ ತೋರಿಸುತ್ತೇನೆ ಎಂದು ಕರೆದುಕೊಂಡು ಹೋಗಿ ಆ ಫ್ಲೈಓವರ್ ಕೆಳಗೆ ನಿಲ್ಲಿಸಿ.

ಬಿಸಿಲು ಇಳಿಯುತ್ತಿದೆ, ಸಾಕು. ಸಂಜೆ ಗಂಗಾವತಿಯಲ್ಲಿ ಬೆಂಗಳೂರಿನ ಬಸ್ಸು ಹತ್ತುತ್ತೀರಲ್ಲ, ಹಿಂದಿನ ಸೀಟಿನಲ್ಲಿ ಮೂಟೆ ಇಟ್ಟುಕೊಂಡು ಒಂದು ಸಂಸಾರ ಕೂತಿರುತ್ತದೆ. ಹೆಡ್‌ಫೋನು ತೆಗೆದು ಮಾತಾಡಿಸಿ. ನಾಳೆ ರಾತ್ರಿ ಎಲ್ಲಿ ಮಲಗುತ್ತೀರಿ ಅಂತ ಕೇಳಿ.